ದಿನದ ಧಮ್ಮ ಚಿಂತನೆ: ಚಳಿ ಕಾಣದ ಬೀಜ



ಇವತ್ತಿನ ವಿಷಯ *ಖಂತಿ*, ಅಂದರೆ ತಾಳ್ಮೆ. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ವಿವರಿಸಿರುವ ಹತ್ತು ಪಾರಮಿತೆಗಳಲ್ಲಿ ಇದೂ ಒಂದು. ಇದನ್ನು ನಾನು ಎಷ್ಟೋ ಸಲ ಓದಿದ್ದೇನೆ, ವಿಹಾರದಲ್ಲಿ ನಿಂತು ಹೇಳಿಯೂ ಇದ್ದೇನೆ. ಆದರೆ ಅರ್ಥವಾದದ್ದು ಈಚೆಗೆ, ನನ್ನ ತಮ್ಮನ ಕೈತೋಟದಿಂದ.

ತಮ್ಮ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ, ಕೆನಡಾ ಗಡಿಯ ರಾಜ್ಯ. ಚಳಿಗಾಲದ ಕೆಲವು ರಾತ್ರಿ ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ, ನೆಲ ಕಲ್ಲಾಗುತ್ತದೆ. ಮನೆ ಮುಂದಿನ ಹುಲ್ಲುಹಾಸನ್ನು ಒಂದಿಷ್ಟು ಕಿತ್ತು, ಆ ನೆಲದ್ದೇ ಕಾಡುಹೂಗಳನ್ನು ಬೆಳೆಸಬೇಕೆಂದು ಅವನಿಗೆ ಆಸೆಯಾಯಿತು. ಮೊದಲು ತಂದದ್ದು ಮಿಲ್ಕ್‌ವೀಡ್ ಬೀಜ. ಮುರಿದರೆ ಹಾಲು ಸುರಿಸುವ ಗಿಡ, ನಮ್ಮ ಎಕ್ಕದ ನೆಂಟ. ನಮ್ಮಲ್ಲಿ ಎಕ್ಕದ ಎಲೆ ತಿಂದು ಬೆಳೆಯುವ ಪಟ್ಟೆಪಟ್ಟೆ ಹುಳುವನ್ನು ನೀವು ನೋಡಿರುತ್ತೀರಿ. ಅದರ ಬಳಗದ್ದೇ ಮೊನಾರ್ಕ್ ಚಿಟ್ಟೆ. ಅದರ ಹುಳುವಿಗೆ ಮಿಲ್ಕ್‌ವೀಡ್ ಎಲೆ ಬಿಟ್ಟರೆ ಬೇರೆ ಊಟವಿಲ್ಲ.

ತಮ್ಮ ಒಳ್ಳೆಯ ಮಣ್ಣು ತುಂಬಿ, ಬೀಜ ಹಾಕಿ, ಕುಂಡಗಳನ್ನು ಅಡುಗೆಮನೆ ಕಿಟಕಿಯ ಬೆಚ್ಚನೆಯ ಜಾಗದಲ್ಲಿಟ್ಟ. ದಿನಾ ನೀರು ಚಿಮುಕಿಸಿದ. ಒಂದೂ ಮೊಳೆಯಲಿಲ್ಲ. “ಅಕ್ಕಾ, ದುಡ್ಡು ಕೊಟ್ಟು ಸತ್ತ ಬೀಜ ತಂದೆ” ಅಂತ ಫೋನಿನಲ್ಲಿ ಗೊಣಗಿದ.

ಬೀಜ ಸತ್ತಿರಲಿಲ್ಲ. ಚಳಿನಾಡಿನ ಎಷ್ಟೋ ಗಿಡಗಳ ಬೀಜ ಉದುರಿದ ಕೂಡಲೇ ಮೊಳೆಯುವುದಿಲ್ಲ. ಮೊಳೆತರೆ ಎಳೆಸಸಿ ಮುಂದಿನ ಹಿಮಕ್ಕೆ ಸಾಯುತ್ತದೆ. ಅದಕ್ಕೇ ಒದ್ದೆ ಮಣ್ಣಿನ ಚಳಿಯಲ್ಲಿ ವಾರಗಟ್ಟಲೆ ಕಳೆದ ಮೇಲೆಯೇ ಅದರ ಒಳಗಿನ ಬೀಗ ತೆಗೆಯುವುದು. ಮಿಲ್ಕ್‌ವೀಡ್‌ಗೆ ಸುಮಾರು ಒಂದು ತಿಂಗಳು, ನೇರಳೆ ಕುಂಚದಂಥ ಹೂ ಬಿಡುವ ಬ್ಲೇಝಿಂಗ್ ಸ್ಟಾರ್‌ಗೆ ಸುಮಾರು ಎರಡು ತಿಂಗಳು. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿಡಬಹುದು, ಇಲ್ಲವೇ ನವೆಂಬರಿನಲ್ಲಿ ಬಯಲಲ್ಲೇ ಎರಚಿ ಬಿಡಬಹುದು.

ಮುಂದಿನ ನವೆಂಬರಿನಲ್ಲಿ ಅವನು ನೆಲ ಹಸನು ಮಾಡಿ, ಬೀಜ ಎರಚಿ, ಕಾಲಿನಿಂದ ಒತ್ತಿದ. ಮೇಲೆ ಹಿಮ ಮುಚ್ಚಿತು. ವಸಂತದಲ್ಲಿ ಮೊಳಕೆ ಬಂತು. ಮೊದಲ ವರ್ಷ ನಾಲ್ಕೆಂಟು ಎಲೆ ಅಷ್ಟೇ, ಹೂವಿಲ್ಲ. ಆಗ ಗಿಡ ಬೆಳೆಯುವುದು ನೆಲದ ಕೆಳಗೆ, ಬೇರಿನಲ್ಲಿ. ಅವನ ಕೆಲಸ ಸುತ್ತಲಿನ ಕಳೆ ತೆಗೆಯುವುದು. ಬೇಲಿಯುದ್ದಕ್ಕೆ ನೆಟ್ಟ ಡಾಗ್‌ವುಡ್ ಪೊದೆಯೂ ಎಲೆ ಉದುರಿಸಿ, ಬರೀ ಕೆಂಪು ಕಡ್ಡಿಗಳಾಗಿ ಹಿಮದಲ್ಲಿ ನಿಂತಿರುತ್ತಿತ್ತು. ಒಣಗಿತೆಂದು ಕಿತ್ತಿದ್ದರೆ ಕಥೆ ಮುಗಿಯುತ್ತಿತ್ತು. ಮೂರನೇ ಬೇಸಿಗೆಯಲ್ಲಿ ಅವನು ಫೋಟೊ ಕಳಿಸಿದ: ಮಿಲ್ಕ್‌ವೀಡ್ ಹೂಗೊಂಚಲು, ಎಲೆಯಡಿ ಪಟ್ಟೆ ಹುಳು.

ಆ ಫೋಟೊ ಬಂದಾಗ ನಾನು ವಿಹಾರದ ಬೀಗದ ಕೈಯನ್ನು ಸಮಿತಿಗೆ ವಾಪಸು ಕೊಡಬೇಕೆಂದಿದ್ದೆ. ಭಾನುವಾರದ ಮಕ್ಕಳ ಧಮ್ಮ ತರಗತಿಗೆ ಶುರುವಿನಲ್ಲಿ ಹದಿನಾಲ್ಕು ಮಕ್ಕಳು ಬರುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೂವರು. ಬಿಟ್ಟುಹೋದವರಲ್ಲಿ ನನ್ನ ಮಗನೂ ಒಬ್ಬ. “ಅಮ್ಮಾ, ನೀನು ಅಲ್ಲೂ ಟೀಚರ್ರೇ” ಅಂದುಬಿಟ್ಟ. ಆರು ತಿಂಗಳಲ್ಲಿ ಮಕ್ಕಳು ತ್ರಿಶರಣ, ಪಂಚಶೀಲ ಒಪ್ಪಿಸಬೇಕು, ಜಯಂತಿಗೆ ಭಾಷಣ ಮಾಡಬೇಕು ಅಂತ ನಾನು ಅವಸರಪಟ್ಟಿದ್ದೆ. ನಾನೂ ಬೀಜವನ್ನು ಕಿಟಕಿಯಲ್ಲಿಟ್ಟು ದಿನಾ ಕೆದಕಿ ನೋಡಿದವಳೇ.

ಬಾಬಾಸಾಹೇಬರು ಯೆವಲೆಯಲ್ಲಿ, ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಆ 21 ವರ್ಷವೂ ಅವರು ಓದಿದರು, ಬರೆದರು, ಹೋರಾಡಿದರು, ಸಂವಿಧಾನದ ಕರಡು ಸಿದ್ಧಪಡಿಸಿದರು. ಹೊರಗೆ ಹಿಮ, ಒಳಗೆ ಬೇರು.

ಇದನ್ನು ಹೇಳಿದಾಗ ನಮ್ಮ ಬಳಗದ ಹಿರಿಯರೊಬ್ಬರು, “ಹಾಗಾದರೆ ನಾವು ಉಂಡ ಅವಮಾನವೂ ಒಂದು ಚಳಿಗಾಲವೇ ಅಲ್ಲವೇನಮ್ಮ? ಅದರಿಂದಲೇ ಬೆಳೆದೆವು” ಅಂದರು. ಅವರ ಮೇಲೆ ನನಗೆ ಗೌರವವಿದೆ. ಆದರೂ ಒಪ್ಪಲಾರೆ. ಚಳಿ ಪ್ರಕೃತಿಯದು, ಎಲ್ಲ ಬೀಜದ ಮೇಲೂ ಒಂದೇ ಸಮ ಬೀಳುತ್ತದೆ. ಜಾತಿ ಮನುಷ್ಯ ಮಾಡಿದ್ದು, ಆರಿಸಿ ಆರಿಸಿ ಬೀಳುತ್ತದೆ. ಅದು ಯಾರನ್ನೂ ಬೆಳೆಸಲಿಲ್ಲ. ಅದರ ನಡುವೆಯೂ ನಮ್ಮ ಹಿರಿಯರು ಬೆಳೆದರು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಕುಡಿಯುವಾಗ ಬಾಬಾಸಾಹೇಬರು ಇನ್ನೂ ಕಾಯಿರಿ ಎಂದು ಜನರಿಗೆ ಹೇಳಲಿಲ್ಲ. ಅನ್ಯಾಯದ ಮುಂದೆ ತಲೆ ತಗ್ಗಿಸಿ ಕೂರುವುದಕ್ಕೆ ಖಂತಿ ಎಂಬ ಹೆಸರಿಡಬಾರದು. ಬೆಳೆಯುವ ಜೀವಕ್ಕೆ ಅದರ ಕಾಲ ಕೊಡುವುದು, ಕೊಡುತ್ತಲೇ ಕಳೆ ಕೀಳುತ್ತಿರುವುದು, ಅದು ಖಂತಿ. ಜೊತೆಗೆ ವೀರ್ಯ ಪಾರಮಿತೆ, ಅಂದರೆ ಬಿಡದ ಪ್ರಯತ್ನ, ಇರಲೇಬೇಕು.

ಬೀಗದ ಕೈ ನನ್ನ ಹತ್ತಿರವೇ ಇದೆ. ಹೋದ ಭಾನುವಾರ ನಾಲ್ವರು ಬಂದಿದ್ದರು. ಬಾಯಿಪಾಠ ಬಿಟ್ಟು ಬುದ್ಧನ ಒಂದು ಕಥೆ ಹೇಳಿದೆ, ಮಕ್ಕಳು ಪ್ರಶ್ನೆ ಕೇಳಿದರು. ಮಗ ಬಂದಿಲ್ಲ. ಅವನನ್ನು ಕರೆಯುವುದನ್ನು ಬಿಟ್ಟಿಲ್ಲ, ಗದರುವುದನ್ನು ಬಿಟ್ಟಿದ್ದೇನೆ.

*ಇಂದಿನ ಅಭ್ಯಾಸ:* ಐದು ನಿಮಿಷ ಆನಾಪಾನ ಮಾಡಿ. ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ನಾನು ಅವಸರದಿಂದ ಕೆದಕುತ್ತಿರುವ ಬೀಜ ಯಾವುದು? ತಾಳ್ಮೆಯ ಹೆಸರಿನಲ್ಲಿ ನಾನು ಸಹಿಸುತ್ತಿರುವ ಅನ್ಯಾಯ ಯಾವುದು?

ಭವತು ಸಬ್ಬ ಮಂಗಲಂ 🌸
ಜೈ ಭೀಮ್