ಕುಂಡದ ಮಣ್ಣೂ ಅಧಿಷ್ಠಾನವೂ

ಯಾವುದೊಂದು ಕಾರ್ಯವು ಸಿದ್ಧಿಸಬೇಕಾದರೂ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳು ಕೂಡಿಬರಬೇಕೆಂದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುತ್ತದೆ. ಈ ಐದರಲ್ಲಿ ಕಡೆಯ ಎರಡನ್ನು ಕುರಿತು ನಮ್ಮಲ್ಲಿ ನಡೆದಿರುವಷ್ಟು ವಾದವು ಉಳಿದವನ್ನು ಕುರಿತು ನಡೆದಂತೆ ತೋರದು. ಪುರುಷಪ್ರಯತ್ನವು ಹೆಚ್ಚಿನದೋ ದೈವಾನುಗ್ರಹವು ಹೆಚ್ಚಿನದೋ ಎಂಬ ಪ್ರಶ್ನೆಯು ಶ್ರೀವೈಷ್ಣವರಲ್ಲಿ ತಾಯಿಯನ್ನು ತಾನೇ ಅವುಚಿಕೊಳ್ಳುವ ಕೋತಿಮರಿಯ ನ್ಯಾಯವೆಂದೂ, ತಾಯಿಯೇ ಕಚ್ಚಿಕೊಂಡು ಒಯ್ಯುವ ಬೆಕ್ಕಿನಮರಿಯ ನ್ಯಾಯವೆಂದೂ ಕವಲೊಡೆದು ಎರಡು ಪರಂಪರೆಗಳನ್ನೇ ನಿರ್ಮಿಸಿತು. ಅಧಿಷ್ಠಾನವನ್ನಾದರೋ ಭಾಷ್ಯಕಾರರು ಶರೀರವೆಂದು ವಿವರಿಸಿ ಮುಂದಕ್ಕೆ ಸಾಗುತ್ತಾರೆ. ಅವರ ವಿವರಣೆಗೆ ವಿರೋಧವಾಗಿ ಹೇಳುವ ಅಧಿಕಾರ ನನಗಿಲ್ಲ. ಆದರೆ ಐದರಲ್ಲಿ ಮೊದಲನೆಯದಾಗಿ ಎಣಿಸಲ್ಪಟ್ಟಿರುವ ಈ ಕಾರಣವನ್ನು ಇನ್ನಷ್ಟು ವಿಸ್ತರಿಸಿ, ಪ್ರಯತ್ನವೂ ಅನುಗ್ರಹವೂ ಒಂದನ್ನೊಂದು ಸಂಧಿಸುವ ನೆಲೆಯೆಂದು ಭಾವಿಸಿದಲ್ಲಿ, ಆ ಹಳೆಯ ವಾದದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆಯೊಂದು ಎದ್ದು ನಿಲ್ಲುತ್ತದೆ. ಆ ಪ್ರಶ್ನೆಯನ್ನು ಕುಂಡದಲ್ಲಿ ಬೆಳೆಯುವ ಗಿಡವೊಂದರ ಮೂಲಕ ವಿಚಾರ ಮಾಡುವುದು ನನ್ನ ಉದ್ದೇಶ.

ಕೇಪಳದ ಗಿಡವನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ, ಯಾರ ಆರೈಕೆಯನ್ನೂ ಬಯಸದೆ ಬೆಳೆದು, ತನ್ನ ಕೆಂಪು ಹೂಗೊಂಚಲುಗಳನ್ನು ದೇವಿಯ ಪೂಜೆಗೆ ಒಪ್ಪಿಸುವ ಪೊದೆ ಅದು. ಅದನ್ನೇ ತಂದು ಬೆಂಗಳೂರಿನ ಮನೆಯೊಂದರ ತಾರಸಿಯ ಮೇಲೆ ಸಿಮೆಂಟಿನ ಕುಂಡದಲ್ಲಿ ನೆಟ್ಟು, ಪ್ರತಿದಿನವೂ ಕೊಳವೆಬಾವಿಯ ಗಡಸು ನೀರನ್ನು ಭಕ್ತಿಯಿಂದ ಎರೆಯುತ್ತ ಬಂದರೆ, ಕೆಲವು ತಿಂಗಳುಗಳಲ್ಲಿ ಅದರ ಚಿಗುರು ಹಳದಿಗೆ ತಿರುಗುತ್ತದೆ. ಹಳೆಯ ಎಲೆಗಳು ಹಸಿರಾಗಿಯೇ ಇರುತ್ತವೆ. ಎಳೆಯ ಎಲೆಯಲ್ಲಿ ನರಗಳಷ್ಟೇ ಹಸಿರು ಗೆರೆಗಳಾಗಿ ಉಳಿದು, ಅವುಗಳ ನಡುವಣ ಭಾಗವು ಮೊದಲು ತಿಳಿಹಳದಿಯಾಗಿ, ಅನಂತರ ಕೆನೆಯ ಬಣ್ಣಕ್ಕೆ ಬಂದು, ಕಡೆಗೆ ಅಂಚು ಕಂದಿ ಸುರುಳುತ್ತದೆ. ಸಾರಜನಕವು ಸಾಲದೆ ಹೋದಾಗ ಹಳೆಯ ಎಲೆಗಳು ಮೊದಲು ಹಳದಿಯಾಗುವುವು. ಏಕೆಂದರೆ ಗಿಡವು ಅವುಗಳಲ್ಲಿದ್ದುದನ್ನು ಹಿಂದೆಗೆದು ಚಿಗುರಿಗೆ ಸಾಗಿಸುತ್ತದೆ. ಕಬ್ಬಿಣವನ್ನು ಹಾಗೆ ಹಿಂದೆಗೆಯುವುದು ಅದಕ್ಕೆ ಸಾಧ್ಯವಿಲ್ಲದ ಕಾರಣ, ಕಬ್ಬಿಣದ ಕೊರತೆಯು ಎಳೆಯದರಲ್ಲಿಯೇ ಮೊದಲು ಕಾಣುತ್ತದೆ.

ಕಬ್ಬಿಣದ ಕೊರತೆಯೆಂದೆನಷ್ಟೆ. ಆದರೆ ಆ ಕುಂಡದಲ್ಲಿರುವುದು ಕೆಮ್ಮಣ್ಣು, ಮತ್ತು ಅದಕ್ಕೆ ಕೆಂಪು ಬಂದಿರುವುದು ಕಬ್ಬಿಣದಿಂದಲೇ. ಭೂಮಿಯ ಹೊರಪದರದಲ್ಲಿ ತೂಕದ ಲೆಕ್ಕದಿಂದ ನೂರಕ್ಕೆ ಸುಮಾರು ಐದು ಪಾಲು ಕಬ್ಬಿಣವಿದೆ; ಎಲೆಗೆ ಬೇಕಾದುದೋ, ಒಣಗಿಸಿ ತೂಗಿದ ಒಂದು ಕಿಲೋಗ್ರಾಂ ಎಲೆಗೆ ನೂರು ಮಿಲಿಗ್ರಾಮಿನಷ್ಟು. ಅನ್ನದ ರಾಶಿಯ ನಡುವೆ ಕೈಕಟ್ಟಿ ಕುಳ್ಳಿರಿಸಿದವನ ಉಪವಾಸದಂತಿದೆ ಈ ಉಪವಾಸ. ಕೈಯನ್ನು ಕಟ್ಟಿರುವುದು ಮಣ್ಣಿನ ರಸಸಾರ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಸೊರೆನ್ಸನ್ ಎಂಬ ವಿದ್ವಾಂಸನು ರೂಪಿಸಿದ ಈ ಮಾನದಲ್ಲಿ 7 ಎಂಬುದು ಸಮಸ್ಥಿತಿ; ಅದರ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹುಳಿಯ ಪ್ರಮಾಣವು ಹತ್ತು ಪಟ್ಟು ವ್ಯತ್ಯಾಸಗೊಳ್ಳುತ್ತದೆ. ಕಬ್ಬಿಣವು ನೀರಿನಲ್ಲಿ ಕರಗುವ ಶಕ್ತಿಯಾದರೋ ಒಂದು ಮೆಟ್ಟಿಲು ಮೇಲೇರಿದೊಡನೆ ಸಾವಿರ ಪಟ್ಟು ಕುಗ್ಗುತ್ತದೆ. ಕೇಪಳಕ್ಕೆ ಹಿತವಾದುದು 5ಕ್ಕೂ 6ಕ್ಕೂ ನಡುವಣ ನೆಲ. ಸಿಮೆಂಟಿನಿಂದ ಒಸರುವ ಸುಣ್ಣವೂ ಗಡಸು ನೀರಿನ ಬೈಕಾರ್ಬೊನೇಟೂ ಸೇರಿ ಅದನ್ನು 7ರ ಆಚೆಗೆ ಎತ್ತಿದ ಮೇಲೆ, ಮಣ್ಣಿನಲ್ಲಿರುವ ಕಬ್ಬಿಣವು ಇದ್ದೂ ಇಲ್ಲದಂತಾಗುತ್ತದೆ.

ಗಿಡವು ಸುಮ್ಮನೆ ಕುಳಿತಿದೆಯೇ ಎಂದು ಇಲ್ಲಿ ಕೇಳಬೇಕು. ಕುಳಿತಿಲ್ಲ. ಕಬ್ಬಿಣವು ಸಾಲದೆಂದು ತಿಳಿದೊಡನೆ ಬೇರಿನ ತುದಿಯು ತನ್ನೊಳಗಿನಿಂದ ಹುಳಿಯನ್ನು ಹೊರಸೂಸಿ, ತನ್ನನ್ನು ಸುತ್ತಿಕೊಂಡಿರುವ ಕೂದಲೆಳೆಯಷ್ಟು ಮಣ್ಣನ್ನು ತಾನೇ ಹದಗೊಳಿಸಿ, ಕರಗದ ಕಬ್ಬಿಣವನ್ನು ಕರಗುವ ಸ್ಥಿತಿಗೆ ತಂದುಕೊಳ್ಳಲು ಯತ್ನಿಸುತ್ತದೆ. ಶಾಸ್ತ್ರವು ಚೇಷ್ಟೆಯೆಂದು ಕರೆಯುವುದು ಇದಲ್ಲದೆ ಮತ್ತೇನು? ಆದರೆ ಬೇರು ಸೂಸಿದ ಹುಳಿಯನ್ನು ನೀರಿನ ಬೈಕಾರ್ಬೊನೇಟು ಆ ಕ್ಷಣದಲ್ಲಿಯೇ ನುಂಗಿಬಿಡುತ್ತದೆ. ಮಾರನೆಯ ದಿನ ಮತ್ತೊಂದು ತಂಬಿಗೆ ನೀರು, ಮತ್ತೆ ಅದೇ ಗತಿ. ಅನುಗ್ರಹವು ಕೆಮ್ಮಣ್ಣಾಗಿ ಎದುರಿಗೇ ಇದೆ, ಪ್ರಯತ್ನವು ಅವಿರತವಾಗಿ ನಡೆದಿದೆ, ಮತ್ತು ಗಿಡವು ಸಾಯುತ್ತಿದೆ. ಕೋತಿಮರಿಯ ನ್ಯಾಯದಿಂದಲಾಗಲಿ ಬೆಕ್ಕಿನಮರಿಯ ನ್ಯಾಯದಿಂದಲಾಗಲಿ ಈ ಸ್ಥಿತಿಗೆ ಸಮಾಧಾನ ದೊರೆಯದು.

ಇಂಥ ಗಿಡವನ್ನು ಕಂಡ ಸಜ್ಜನರು ಮೊದಲು ಮಾಡುವುದು ಇನ್ನಷ್ಟು ಕೊಡುವುದನ್ನು. ಒಲೆಯ ಬೂದಿಯನ್ನು ಉದುರಿಸುತ್ತಾರೆ. ಬೂದಿಯು ಸ್ವತಃ ಕ್ಷಾರವಾದುದರಿಂದ ರಸಸಾರವು ಮತ್ತೂ ಏರುತ್ತದೆ. ಮೊಟ್ಟೆಯ ಸಿಪ್ಪೆಯನ್ನು ಪುಡಿಮಾಡಿ ಹಾಕುತ್ತಾರೆ; ಅದು ಸುಣ್ಣವಲ್ಲದೆ ಬೇರಲ್ಲ. ಸೂಪರ್ ಫಾಸ್ಫೇಟನ್ನು ಬೆರೆಸುತ್ತಾರೆ. ರಂಜಕವು ಮಿತಿಮೀರಿದರೆ ಉಳಿದಿದ್ದ ಅಷ್ಟಿಷ್ಟು ಕಬ್ಬಿಣವನ್ನೂ ಕಟ್ಟಿಹಾಕುತ್ತದೆ. ಕೊಡುವವನ ಮನಸ್ಸು ನಿರ್ಮಲವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ದಾನವನ್ನು ಕುರಿತು ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಡತಕ್ಕದ್ದೆಂದು ವಿಧಿಸಿದ ಹಿರಿಯರು ದೇಶವನ್ನು ಏಕೆ ಮೊದಲು ಹೇಳಿದರೆಂಬುದು ಇಂಥ ಎಡೆಯಲ್ಲಿ ನನಗೆ ಸ್ಫುಟವಾಗುತ್ತದೆ. ಕುಂಡದ ಅಂಚಿನಲ್ಲಿ ಬೆಳ್ಳಗೆ ಪೊರೆಗಟ್ಟಿರುವುದನ್ನು ಉಗುರಿನಿಂದ ಕೆರೆದು ತಟ್ಟೆಯಲ್ಲಿಟ್ಟು ಎರಡು ಹನಿ ವಿನೆಗರ್ ಬಿಟ್ಟು ನೋಡಿ: ಸುಯ್ಯೆಂಬ ಸಣ್ಣ ದನಿಯೊಡನೆ ನೊರೆಯೆದ್ದು, ಕ್ಷಣಕಾಲ ಕುದಿದಂತಾಗಿ ಅಡಗುತ್ತದೆ. ದಿನದಿನವೂ ನಾವು ಪ್ರೀತಿಯಿಂದ ಎರೆದ ನೀರು ಅಲ್ಲಿ ಬಿಟ್ಟುಹೋದ ಸುಣ್ಣ ಅದು.

ಹಾಗಾದರೆ ಮಾಡತಕ್ಕದ್ದೇನು? ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯೆಂಬ ಕಬ್ಬಿಣದ ಲವಣವನ್ನೂ 1 ಗ್ರಾಂ ಸಿಟ್ರಿಕ್ ಆಮ್ಲವನ್ನೂ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಹಳದಿ ಎಲೆಯ ಮೇಲೆ ಹಸಿರು ಚುಕ್ಕೆಗಳು ಮೂಡುತ್ತವೆ. ಪ್ರಾಣವುಳಿಸುವ ಉಪಾಯವಾಗಿ ಇದು ಒಳ್ಳೆಯದೇ. ಆದರೆ ಮುಂದಿನ ಚಿಗುರು ಮತ್ತೆ ಹಳದಿಯಾಗಿಯೇ ಹೊರಡುವುದು, ಏಕೆಂದರೆ ನೆಲ ಹಾಗೆಯೇ ಇದೆ. ವಿನೆಗರನ್ನು ನೀರಿನಲ್ಲಿ ಬೆರೆಸಿ ಎರೆಯುವುದರ ಫಲವೂ ಅಲ್ಪಕಾಲದ್ದು. ನೆಲವನ್ನೇ ಬದಲಿಸಬೇಕಾದರೆ ಗಂಧಕದ ಪುಡಿಯನ್ನು ಅಲ್ಪ ಪ್ರಮಾಣದಲ್ಲಿ ಮಣ್ಣಿಗೆ ಬೆರೆಸಬೇಕು. ಗಂಧಕವು ತಾನಾಗಿ ಹುಳಿಯಲ್ಲ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನುಂಡು ಗಂಧಕಾಮ್ಲವನ್ನಾಗಿ ಮಾಡುತ್ತವೆ. ಮುಂದೆ ಸ್ಟ್ರೆಪ್ಟೊಮೈಸಿನ್ನಿನಿಂದ ಜಗತ್ಪ್ರಸಿದ್ಧನಾದ ವ್ಯಾಕ್ಸ್‌ಮನ್, ಜಾಫೆಯೊಡಗೂಡಿ ಇಂಥದೊಂದು ಜೀವಿಯನ್ನು 1922ರಲ್ಲಿ ವರ್ಣಿಸಿದನು. ಅವುಗಳಿಗೆ ತೇವ ಬೇಕು, ಬಿಸುಪು ಬೇಕು, ಗಾಳಿ ಬೇಕು, ಎಲ್ಲಕ್ಕೂ ಮಿಗಿಲಾಗಿ ವಾರಗಳಷ್ಟು, ಕೆಲವೊಮ್ಮೆ ತಿಂಗಳುಗಳಷ್ಟು ಕಾಲ ಬೇಕು. ಹುಟ್ಟಿದ ಆಮ್ಲವಾದರೂ ಮಣ್ಣಿನಲ್ಲಿ ಕೂಡಿಟ್ಟ ಸಂಪತ್ತಾಗಿ ನಿಲ್ಲುವುದಿಲ್ಲ; ಸುಣ್ಣದೊಡನೆ ಕೂಡಿ, ಅದನ್ನು ಕರಗುವ ರೂಪಕ್ಕೆ ತಂದು, ನೀರಿನೊಡನೆ ಕುಂಡದ ತೂತಿನಿಂದ ಹೊರಗೆ ಹರಿದುಹೋಗುತ್ತದೆ. ಸಂಸ್ಕಾರವೆಂಬುದು ಗುಣವನ್ನು ಸೇರಿಸುವುದರಿಂದಾಗಬಹುದು, ದೋಷವನ್ನು ನೀಗುವುದರಿಂದಾಗಬಹುದು ಎಂದು ಶಂಕರರು ಬ್ರಹ್ಮಸೂತ್ರಭಾಷ್ಯದಲ್ಲಿ ಎರಡು ಬಗೆ ಮಾಡುತ್ತಾರೆ. ಗಂಧಕದ ಕೆಲಸವು ಎರಡನೆಯ ಬಗೆಯದು. ಚಿತ್ತಶುದ್ಧಿಯೆಂದು ನಾವು ಹೇಳುವ ಸಾಧನೆಯೂ ಬಹುಮಟ್ಟಿಗೆ ಇದೇ ಬಗೆಯದಾಗಿರಬೇಕೆಂದು ನಾನು ನಂಬುತ್ತೇನೆ. ಅಲ್ಲಿಯೂ ಎದುರಿಗಿರುವುದು ದೊರೆಯದಂತೆ ತಡೆಯುವುದನ್ನು ಕಳೆಯುವುದೇ ಕೆಲಸ, ಮತ್ತು ಅಲ್ಲಿಯೂ ತ್ವರೆಯು ಸಲ್ಲದು.

ನನ್ನ ಮನಸ್ಸನ್ನು ಬಹುವಾಗಿ ಕಾಡುವ ವಿಷಯವು ಇದರ ಮುಂದಿನದು. ಉಪದೇಶವು ಎದುರಿಗಿದ್ದೂ ಅದು ತಟ್ಟದವನನ್ನು ನಾವು ಅನಧಿಕಾರಿಯೆಂದು ಕರೆದು ನಿಶ್ಚಿಂತರಾಗುತ್ತೇವೆ. ದೇವಾಲಯವಿದ್ದಿತು, ಶಾಸ್ತ್ರವಿದ್ದಿತು, ಪಾಠಶಾಲೆಯಿದ್ದಿತು. ಅವನಿಗೆ ಯೋಗ್ಯತೆ ಸಾಲದು, ಪ್ರಯತ್ನ ಸಾಲದು ಎಂದು ತೀರ್ಪು ಬರೆದುಬಿಡುತ್ತೇವೆ. ಅವನು ನಿಂತಿರುವ ನೆಲದ ರಸಸಾರವೆಷ್ಟು, ಅವನು ಸೂಸಿದ ಪ್ರಯತ್ನವನ್ನು ದಿನದಿನವೂ ನುಂಗುವ ನೀರು ಯಾವುದು, ಆ ನೀರನ್ನು ಎರೆಯುತ್ತಿರುವವರು ಯಾರು ಎಂಬ ವಿಚಾರಣೆಯು ನಡೆಯುವುದೇ ಇಲ್ಲ. ನೂರಾರು ವರ್ಷ ಬಾವಿಯ ಬಳಿಗೂ ಗುಡಿಯ ಬಾಗಿಲಿಗೂ ಕೆಲವರನ್ನು ಬರಗೊಡದೆ, ಅವರಿಗೆ ಸಂಸ್ಕಾರವಿಲ್ಲವೆಂದು ಹೇಳಿದ ಸಮಾಜವು ಅಧಿಷ್ಠಾನವೆಂಬ ಮೊದಲನೆಯ ಕಾರಣವನ್ನು ಲೆಕ್ಕದಿಂದ ತೆಗೆದುಹಾಕಿ ಕರ್ಮಸಿದ್ಧಾಂತವನ್ನು ಬೋಧಿಸಿತು. ಇದನ್ನು ನಾನು ಕೇವಲ ಪ್ರಮಾದವೆಂದು ಎಣಿಸಲಾರೆ.

ಹೀಗೆಂದ ಮಾತ್ರಕ್ಕೆ ಸ್ವಭಾವವೆಂಬುದು ಇಲ್ಲವೆಂದಾಗಲಿ, ನೆಲವೊಂದೇ ಎಲ್ಲವೂ ಎಂದಾಗಲಿ ಅರ್ಥವಲ್ಲ. ಸಾಧನೆಯು ಜೀವನ ಸ್ವರೂಪದಲ್ಲಿ ಇರುವುದನ್ನು ಪ್ರಕಟಪಡಿಸುವುದೇ ಹೊರತು ಇಲ್ಲದುದನ್ನು ತಂದು ಕೂಡಿಸದೆಂದು ಮಧ್ವಸಿದ್ಧಾಂತವು ಹೇಳುತ್ತದೆ. ಕೇಪಳವು ಕೇಪಳವಾಗಿ ಅರಳುವುದೇ ಹೊರತು ಮಲ್ಲಿಗೆಯಾಗದು ಎಂಬಷ್ಟನ್ನು ತೋಟಗಾರನೂ ಒಪ್ಪಿಯೇ ಕೆಲಸಕ್ಕೆ ತೊಡಗುತ್ತಾನೆ. ಹುಳಿಗೂ ಮಿತಿಯುಂಟು. 5ರಿಂದ ಬಹಳ ಕೆಳಗಿಳಿದ ಮಣ್ಣಿನಲ್ಲಿ ಅಲ್ಯೂಮಿನಿಯಮ್ಮು ಕರಗಿ ಬೇರಿನ ತುದಿಗಳನ್ನೇ ಮೊಂಡುಮಾಡುವುದರಿಂದ, ರಸಸಾರದ ಕಾಗದದಿಂದ ಆಗಾಗ ಅಳೆದು ನೋಡದೆ ಗಂಧಕವನ್ನು ಸುರಿಯುವುದು ಅಪಾಯಕರ. ನೆಲವು ಹದವಾದ ಮೇಲೂ ಕಬ್ಬಿಣವನ್ನು ಹೀರಿಕೊಳ್ಳಬೇಕಾದುದು ಬೇರೇ. ಆ ಕೆಲಸವನ್ನು ಅದರ ಪರವಾಗಿ ಮಾಡಬಲ್ಲವರು ಯಾರೂ ಇಲ್ಲ.

ವಿಜಯಪುರದ ಎರೆಭೂಮಿಯನ್ನು ನೋಡಿದರೆ ಇನ್ನೊಂದು ಭೇದವು ಗೋಚರಿಸುತ್ತದೆ. ಅಲ್ಲಿಯ ಕಪ್ಪುಮಣ್ಣು ತಾನಾಗಿಯೇ ಕ್ಷಾರ, ಸುಣ್ಣದ ಹರಳುಗಳಿಂದ ತುಂಬಿದ್ದು. ಅಷ್ಟು ವಿಸ್ತಾರವಾದ ನೆಲವನ್ನು ಗಂಧಕದಿಂದ ಬದಲಿಸಲು ಯಾವ ಒಕ್ಕಲಿಗನೂ ಹೊರಡುವುದಿಲ್ಲ, ಹೊರಡಬೇಕಾಗಿಯೂ ಇಲ್ಲ. ಆತನು ಆ ನೆಲಕ್ಕೊಪ್ಪುವ ಜೋಳವನ್ನು ಬಿತ್ತಿ ಸುಖವಾಗಿದ್ದಾನೆ. ಅಲ್ಲಿ ನೆಲವು ಈಶ್ವರಸೃಷ್ಟಿ, ಬೆಳೆಯು ಮನುಷ್ಯನ ಆಯ್ಕೆ. ಕುಂಡದ ಸಂಗತಿ ಹಾಗಲ್ಲ. ಗುಡ್ಡದಲ್ಲಿದ್ದ ಗಿಡಕ್ಕೆ ಒಂದೆಡೆ ಸಾಲದೆಹೋದರೆ ಬೇರನ್ನು ಮತ್ತೊಂದೆಡೆಗೆ ನೀಡುವ ಸ್ವಾತಂತ್ರ್ಯವಿತ್ತು. ಅದನ್ನು ಕಿತ್ತು ತಂದು ಗೇಣುದ್ದದ ಪಾತ್ರೆಯಲ್ಲಿ ಸೆರೆಯಿಟ್ಟವನು ಅದರ ಮಳೆಯನ್ನೂ ನೆಲವನ್ನೂ ತನ್ನ ಕೈಗೆ ತೆಗೆದುಕೊಂಡಿದ್ದಾನೆ. ಆದುದರಿಂದ ಅದರ ಅಧಿಷ್ಠಾನಕ್ಕೆ ಹೊಣೆ ಅವನೇ. ಅವನು ಗಡಸು ನೀರನ್ನು ಬಿಟ್ಟು ತಾರಸಿಯಿಂದ ಇಳಿಯುವ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದಿಡಬೇಕು. ಬೇಸಗೆಯಲ್ಲಿ ಅದು ಮುಗಿದಾಗ ನೀರನ್ನು ಕುದಿಸಿ ಆರಿಸಿ, ತಳದಲ್ಲಿ ನಿಂತ ಸುಣ್ಣವನ್ನು ಬಿಟ್ಟು ತಿಳಿಯನ್ನಷ್ಟೇ ಎರೆಯಬೇಕು. ಕುಂಡವೇ ಸಿಮೆಂಟಿನದಾಗಿದ್ದರೆ ಮುಂಗಾರಿನ ಮೊದಲ ಮಳೆಗಳು ಬೀಳುತ್ತಿದ್ದಂತೆ ಗಿಡವನ್ನು ಬೇರಿನ ಹೆಂಟೆಯೊಡನೆ ಮೆಲ್ಲನೆ ಬಿಡಿಸಿ, ಕೆಮ್ಮಣ್ಣು, ಕೊಳೆತ ಎಲೆಗೊಬ್ಬರ, ತೊಳೆದ ತೆಂಗಿನ ನಾರಿನ ಪುಡಿಗಳನ್ನು ಕೂಡಿಸಿ ತುಂಬಿದ ಸುಟ್ಟ ಮಣ್ಣಿನ ಕುಂಡಕ್ಕೆ ಸಾಗಿಸಬೇಕು.