ದುಡಿಮೆಯ ತೃಪ್ತಿ ಮತ್ತು ಕೊಳಗದ ಅಳತೆ



‘ಸಿಕ್ಕಿದ ಕೆಲಸದಲ್ಲೇ ತೃಪ್ತಿ ಕಾಣಬೇಕು’ ಎಂದು ನಾವು ಮಕ್ಕಳಿಗೂ ಕೆಲಸದವರಿಗೂ ಹೇಳುತ್ತಿರುತ್ತೇವೆ. ಮಾತು ಒಳ್ಳೆಯದೇ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕಲ್ಲವೇ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಡಿಕೆ ಸುಗ್ಗಿ ಬಂತೆಂದರೆ ಬಿಡುವಿಲ್ಲದ ಕೆಲಸ. ಕೊನೆಗಾರ ಮರವೇರಿ ಕೊನೆ ಇಳಿಸುತ್ತಾನೆ. ಹಸಿ ಅಡಿಕೆ ಹೆಚ್ಚು ದಿನ ಕಾಯುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸಬೇಕು. ಯಂತ್ರಗಳು ಬಂದ ಮೇಲೂ ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯವರೆಗೆ ಸುಲಿಯುವ ಹೆಂಗಸರಿದ್ದಾರೆ. ಬೆರಳು ಕಪ್ಪಾಗುತ್ತದೆ, ಬೆನ್ನು ನೋಯುತ್ತದೆ. ಆದರೂ ಅಲ್ಲಿ ಮಾತಿದೆ, ನಗುವಿದೆ, ಅಡಿಕೆಗೆ ಗಾಯವಾಗದಂತೆ ಸುಲಿಯಬಲ್ಲೆ ಎಂಬ ಹೆಮ್ಮೆಯಿದೆ. ಈ ತೃಪ್ತಿ ಯಾರ ಉಪದೇಶದಿಂದಲೂ ಬಂದದ್ದಲ್ಲ. ಕೆಲಸ ಬಲ್ಲ ಕೈಗೆ ದೇವರಿತ್ತ ವರ.

ಅವರ ಕೂಲಿ ಸುಲಿದ ಅಡಿಕೆಯ ಅಳತೆಯ ಮೇಲೆ. ಅಳತೆ ಎಂದಾಗ ನಮ್ಮ ಸೀಮೆಯವರಿಗೆ ಕಾಗೋಡು ನೆನಪಾಗಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಭತ್ತ ಅಳೆಯುವ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದು ಎಂಬುದು ಅವರ ಮುಖ್ಯ ದೂರುಗಳಲ್ಲೊಂದು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಆ ರೈತರು ದುಡಿಯಲು ಬೇಸರಪಟ್ಟವರಲ್ಲ. ಉಳುವ ನೆಲವನ್ನು ಬಿಡಲಾರೆವು ಎಂದವರು. ಅವರಿಗೆ ಸಾಲದೆ ಹೋದದ್ದು ಕೆಲಸದ ತೃಪ್ತಿಯಲ್ಲ, ನ್ಯಾಯ. ಅಂಥವರಿಗೆ ‘ಇದ್ದುದರಲ್ಲಿ ತೃಪ್ತರಾಗಿರಿ’ ಎಂದಿದ್ದರೆ ಅದು ಧರ್ಮಬೋಧೆಯಾಗುತ್ತಿತ್ತೇ?

ಧರ್ಮಸಭೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು ಕಾರ್ಮಿಕರ ನ್ಯಾಯವಾದ ಕೂಲಿಯ ಪರವಾಗಿ ವಿಶ್ವಪತ್ರ ಬರೆದರು. 1955ರಲ್ಲಿ ಹನ್ನೆರಡನೇ ಪಿಯುಸ್ ಅವರು ಮೇ 1ನ್ನು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು. 1981ರಲ್ಲಿ ಎರಡನೇ ಜಾನ್ ಪೌಲರು, ಕೆಲಸ ಮನುಷ್ಯನಿಗಾಗಿ ಇದೆಯೇ ಹೊರತು ಮನುಷ್ಯ ಕೆಲಸಕ್ಕಾಗಿ ಅಲ್ಲ ಎಂದು ಬೋಧಿಸಿದರು. ದುಡಿಮೆಯ ಬೆಲೆ ಅದು ಎಂಥ ಕೆಲಸ ಎಂಬುದರಿಂದಲ್ಲ, ಮಾಡುವವನು ದೇವರ ಪ್ರತಿರೂಪ ಎಂಬುದರಿಂದ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ. ಅದೇ ಧರ್ಮಗ್ರಂಥದಲ್ಲಿ, ಗುಡಾರ ಕಟ್ಟಿ ಜೀವಿಸಿದ ಸಂತ ಪೌಲರು ಸೋಮಾರಿಗಳನ್ನು ಗದರುತ್ತಾರೆ. ಎರಡೂ ಮಾತು ನಮಗೇ.

ಆದ್ದರಿಂದ ದುಡಿಯುವವರೇ, ಯಾರೂ ನೋಡದಿದ್ದಾಗಲೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ. ನಜರೇತಿನ ಬಡಗಿಯ ಮನೆಯಲ್ಲಿ ಯೇಸುಸ್ವಾಮಿ ವರ್ಷಗಟ್ಟಲೆ ಮಾಡಿದ್ದೂ ಹೆಸರಿಲ್ಲದ ದುಡಿಮೆಯೇ. ದುಡಿಸಿಕೊಳ್ಳುವವರೇ, ತೃಪ್ತಿಯ ಪಾಠ ಹೇಳುವ ಮೊದಲು ನಿಮ್ಮ ಕೊಳಗವನ್ನು ನೋಡಿಕೊಳ್ಳಿ. ಮನೆಗೆಲಸದಾಕೆಯ ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕಿತೇ? ಕಾಯಿಲೆ ಬಿದ್ದ ದಿನ ಆಕೆಗೆ ರಜೆ ಇದೆಯೇ? ಮರದಿಂದ ಬಿದ್ದ ಕೊನೆಗಾರನ ಮನೆಯನ್ನು ಆಮೇಲೆ ಯಾರಾದರೂ ವಿಚಾರಿಸಿದರೇ?

ಭಾನುವಾರದ ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನೆತ್ತಿ ಅರ್ಪಿಸುವಾಗ ಮನುಷ್ಯರ ದುಡಿಮೆಯೂ ಪೀಠ ಸೇರುತ್ತದೆ. ಅಳತೆಯಲ್ಲಿ ಮೋಸ ಮಾಡಿ ಉಳಿಸಿದ್ದನ್ನು ಆ ಕಾಣಿಕೆಯ ಜೊತೆ ಇಡಲು ನಮ್ಮಲ್ಲಿ ಯಾರಿಗೂ ಧೈರ್ಯ ಬಾರದಿರಲಿ.