ಜೋಡಿ ಸ್ಪೀಕರ್ ಮನೆಗೆ ಬಂದಾಗ

ಹಳೆಯ ಹೈ-ಫೈ ಸ್ಪೀಕರ್ ಕೊಳ್ಳಲು ಹೋದವರು ಮೊದಲು ಮಾಡಬೇಕಾದ ಕೆಲಸ ಒಂದೇ. ಮುಂದಿನ ಬಟ್ಟೆಯ ಚೌಕಟ್ಟನ್ನು ಮೆಲ್ಲಗೆ ಕಳಚಿ, ಮಂದ್ರ ನಾದ ಹೊರಡಿಸುವ ವೂಫರ್‌ನ ಅಂಚನ್ನು ನೋಡುವುದು. ಹೊರಗಿನ ಮರ ಎಷ್ಟೇ ಮಿರುಗಲಿ, ಕೋನನ್ನು ಚೌಕಟ್ಟಿಗೆ ಹಿಡಿದಿಟ್ಟಿರುವ ಆ ಸುತ್ತಂಚು ಹೇಗಿದೆ ಎಂಬುದರ ಮೇಲೆ ಬೆಲೆ ನಿಂತಿದೆ. ಎಪ್ಪತ್ತು ಮತ್ತು ಎಂಬತ್ತರ ದಶಕದಲ್ಲಿ ಬಂದ ಎಷ್ಟೋ ವೂಫರ್‌ಗಳಿಗೆ ಫೋಮಿನ ಅಂಚು. ಹದಿನೈದು ಇಪ್ಪತ್ತು ವರ್ಷ ಕಳೆದರೆ ಆ ಫೋಮ್ ಬಳಸದೆ ಇಟ್ಟಿದ್ದರೂ ತಾನಾಗಿಯೇ ಹಳಸುತ್ತದೆ. ತೇವದ ಊರುಗಳಲ್ಲಿ ಇನ್ನೂ ಬೇಗ. ಬೆರಳು ತಾಗಿಸಿದರೆ ಸಾಕು, ಕಪ್ಪಗೆ ಅಂಟಂಟಾಗಿ ಉದುರುತ್ತದೆ. ರಬ್ಬರಿನದೋ ಬಟ್ಟೆಯದೋ ಅಂಚಾಗಿದ್ದರೆ ಐವತ್ತು ವರ್ಷದ ಮೇಲೂ ಗಟ್ಟಿಯಾಗಿರುವುದನ್ನು ನೋಡಿದ್ದೇನೆ.

ಮಲ್ಲೇಶ್ವರದ ಹಳೆಯ ಮನೆಯೊಂದರಲ್ಲಿ ನನಗೆ ಸಿಕ್ಕ ಜೋಡಿಗೆ ಇದ್ದದ್ದು ಫೋಮಿನ ಅಂಚೇ. ಒಂದರಲ್ಲಿ ಅರ್ಧ ಉದುರಿತ್ತು, ಇನ್ನೊಂದರಲ್ಲಿ ಪೂರ್ತಿ. ತೇಗದ ವೆನೀರ್ ಹಾಕಿದ, ಮೊಣಕಾಲೆತ್ತರದ ಪೆಟ್ಟಿಗೆಗಳು. ಮನೆಯ ಹಿರಿಯರು ಎಪ್ಪತ್ತರ ದಶಕದಲ್ಲಿ ಹೊರದೇಶದ ಕೆಲಸ ಮುಗಿಸಿ ಬರುವಾಗ ಹಡಗಿನಲ್ಲಿ ತರಿಸಿಕೊಂಡಿದ್ದಂತೆ. ಬೆಲೆಯ ಮಾತು ಬಂದಾಗ ಅವರು ದುಡ್ಡಿನ ವಿಷಯಕ್ಕೆ ಹೆಚ್ಚು ಹೊತ್ತು ನಿಲ್ಲಲಿಲ್ಲ. "ತಗೊಂಡ್ಹೋಗಿ ಷೋಕಿಗೆ ಇಡೋದಾದ್ರೆ ಬೇಡ ಕಣಪ್ಪಾ. ಹಾಡಿಸೋದಾದ್ರೆ ಮಾತ್ರ ತಗೊ" ಎಂದರು. "ಹಾಡಿಸ್ತೀನಿ ಸಾರ್" ಎಂದೆ. ಆಮೇಲೆ ಇಬ್ಬರೂ ಸೇರಿ ಪೆಟ್ಟಿಗೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಆಟೋದ ಹಿಂದಿನ ಸೀಟಿನಲ್ಲಿ ಕೂರಿಸಿದೆವು.

ಕೆಟ್ಟ ಅಂಚಿನ ಸ್ಪೀಕರನ್ನು ಏಕೆ ಕೊಂಡೆ ಎಂದು ಕೇಳಿದವರುಂಟು. ಉತ್ತರ ಅದರ ರಚನೆಯಲ್ಲೇ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು 1925ರಲ್ಲಿ ಒಂದು ಪ್ರಬಂಧ ಮಂಡಿಸಿದರು. ಅಯಸ್ಕಾಂತದ ನಡುವಿನ ಕಿರಿದಾದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನ್; ಸುರುಳಿಯಲ್ಲಿ ಸಂಗೀತದ ವಿದ್ಯುತ್ ಹರಿದಾಗ ಕೋನ್ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ನೂರು ವರ್ಷ ಕಳೆದರೂ ಬಹುಪಾಲು ಸ್ಪೀಕರ್‌ಗಳು ನಡೆಯುತ್ತಿರುವುದು ಇದೇ ದಾರಿಯಲ್ಲಿ. ಹೀಗಾಗಿ ಅರ್ಧ ಶತಮಾನದ ಹಿಂದಿನ ಸ್ಪೀಕರನ್ನು ಇಂದಿನ ಆಂಪ್ಲಿಫೈಯರ್‌ಗೆ ಎರಡು ವೈರ್ ಎಳೆದು ಸೇರಿಸಿದರೆ ಹಾಡುತ್ತದೆ. ಪಾಸ್‌ವರ್ಡ್ ಬೇಡ, ಅಪ್‌ಡೇಟ್ ಬೇಡ. ಅರವತ್ತು ವರ್ಷ ಹಳೆಯ ಕಂಪ್ಯೂಟರನ್ನು ಯಾರೂ ದಿನಬಳಕೆಗೆ ಇಟ್ಟುಕೊಳ್ಳುವುದಿಲ್ಲ, ಅದೇ ವಯಸ್ಸಿನ ಸ್ಪೀಕರಿನಲ್ಲಿ ಇಂದು ಬೆಳಿಗ್ಗೆ ಸುಪ್ರಭಾತ ಕೇಳಿದವರಿದ್ದಾರೆ.

ನನ್ನ ಪೆಟ್ಟಿಗೆಗಳು ಮುಚ್ಚಿದ ಬಗೆಯವು, ಗಾಳಿ ಆಡಲು ಎಲ್ಲೂ ತೂತಿಲ್ಲ. ಈ ಬಗೆಯ ಹಿಂದೆ ಎಡ್ಗರ್ ವಿಲ್ಚರ್ ಎಂಬ ದೊಡ್ಡ ಮನುಷ್ಯನಿದ್ದಾನೆ. ಐವತ್ತರ ದಶಕದವರೆಗೆ ಮಂದ್ರ ನಾದ ನಿಜವಾಗಿ ಕೇಳಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಕೋನನ್ನು ಹಿಂದಕ್ಕೆಳೆಯುವ ಬಿಗಿತವನ್ನು ಅಂಚಿಗೆ ಕೊಡುವ ಬದಲು ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಗೇ ಆ ಕೆಲಸ ಒಪ್ಪಿಸಿದರೆ ಹೇಗೆ ಎಂದು ವಿಲ್ಚರ್ ಯೋಚಿಸಿದ. ಅಂಚು ಸಡಿಲ, ಗಾಳಿಯೇ ಸ್ಪ್ರಿಂಗ್. ಗಾಳಿಯ ಸ್ಪ್ರಿಂಗ್ ಲೋಹದ, ಬಟ್ಟೆಯ ಸ್ಪ್ರಿಂಗಿಗಿಂತ ಸಮನಾಗಿ ವರ್ತಿಸುವುದರಿಂದ ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ, ಶುದ್ಧ ನಾದ ಬಂತು. ತನ್ನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಮೆಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೂಸ್ಟಿಕ್ ರಿಸರ್ಚ್ ಎಂಬ ಕಂಪನಿ ಶುರುಮಾಡಿದ. 1958ರಲ್ಲಿ ಬಂದ ಆ ಕಂಪನಿಯ ಎಆರ್-3 ಇಂದು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರ್ ಎಂಬುದು ಸಾಮಾನ್ಯರ ಮನೆಗೆ ಬಂದದ್ದು ಹೀಗೆ.

ಆ ಕಂಪನಿ ತನ್ನ ಮಾಲನ್ನು ಜನರ ಮುಂದಿಟ್ಟ ಬಗೆಯೂ ನನಗೆ ಬಹಳ ಇಷ್ಟ. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ವಾದಕರ ತಂಡ ವೇದಿಕೆಯ ಮೇಲೆ ನುಡಿಸುತ್ತಿರುವಾಗಲೇ ನಡುವೆ ಕೈ ನಿಲ್ಲಿಸಿ ಬರೀ ಅಭಿನಯ ಮಾಡುತ್ತಿತ್ತು, ಪಕ್ಕದ ಸ್ಪೀಕರ್‌ಗಳು ಅದೇ ಜಾಗದಿಂದ ಧ್ವನಿಮುದ್ರಣ ಮುಂದುವರಿಸುತ್ತಿದ್ದವು. ಎಲ್ಲಿ ಬದಲಾಯಿತು ಎಂದು ಹೇಳಲು ಕೇಳುಗರಿಗೆ ಕಷ್ಟವಾಗುತ್ತಿತ್ತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಕೋಣೆ ಇಟ್ಟಿದ್ದರು. ಅಲ್ಲಿ ಏನನ್ನೂ ಮಾರುತ್ತಿರಲಿಲ್ಲ, ದಾರಿಹೋಕರು ಬಂದು ಕೂತು ಸಂಗೀತ ಕೇಳಿ ಹೋಗಬಹುದಿತ್ತು. ವಿಲ್ಚರ್ 1967ರಲ್ಲಿ ಕಂಪನಿ ಮಾರಿ ಕಿವಿ ಮಂದವಾದವರ ಶ್ರವಣಸಾಧನದ ಸಂಶೋಧನೆಗೆ ತೊಡಗಿದ. ಅಲ್ಲಿ ಕಂಡುಕೊಂಡದ್ದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ. ಕಿವಿಯ ಮೇಲೆ ಇಷ್ಟು ಪ್ರೀತಿ ಇದ್ದವನ ಆಲೋಚನೆ ನಮ್ಮ ಹಾಲ್‌ನ ಮೂಲೆಯಲ್ಲೂ ಕೆಲಸ ಮಾಡುತ್ತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ.

ಅಂಚು ಹಾಕಿಸಲು ಹೋದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಕಡೆಗೆ. ದೊಡ್ಡ ಅಂಗಡಿಗಳ ಹಿಂದಿನ ಸಂದಿಯಲ್ಲಿ, ಮೆಟ್ಟಿಲ ಕೆಳಗೆ ಒಂದು ಮೇಜು, ಮೇಜಿನ ತುಂಬ ಬಿಚ್ಚಿದ ಸ್ಪೀಕರ್‌ಗಳು. ರಿಪೇರಿ ಮಾಡುವ ಯಜಮಾನರು ವೂಫರನ್ನು ಕೈಗೆತ್ತಿಕೊಂಡು ಎರಡೂ ಹೆಬ್ಬೆರಳಿನಿಂದ ಕೋನನ್ನು ಸಮವಾಗಿ ಒತ್ತಿ, ಕಿವಿಗೆ ಹಿಡಿದು ಕೇಳಿದರು. ಕಾಯಿಲ್, ಅಂದರೆ ಆ ತಂತಿಯ ಸುರುಳಿ, ಎಲ್ಲಾದರೂ ಉಜ್ಜುತ್ತಿದ್ದರೆ ಸರ್ ಎಂಬ ಸದ್ದು ಬರುತ್ತದೆ. ಬರಲಿಲ್ಲ. ಮಲ್ಟಿಮೀಟರ್ ಹಚ್ಚಿದರು, 8 ಓಮಿನ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸಿದರೆ ಕಾಯಿಲ್ ಚೆನ್ನಾಗಿದೆ ಎಂದರ್ಥ. ಹಳೆಯ ಫೋಮನ್ನು ಬ್ಲೇಡಿನಿಂದ ಕೆರೆದು, ಅಂಟಿನ ಕಲೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಕೋನಿನ ನಡುವಿನ ಟೋಪಿಯನ್ನು ಬಿಡಿಸಿದರು. ಕಾಯಿಲ್ ಮತ್ತು ಅಯಸ್ಕಾಂತದ ನಡುವಿನ ಸಂದಿಗೆ ಹಳೆಯ ಎಕ್ಸ್‌ರೇ ಫಿಲ್ಮಿನ ಸಣ್ಣ ಪಟ್ಟಿಗಳನ್ನು ಸುತ್ತಲೂ ಇಳಿಸಿ ಕಾಯಿಲ್ ನಡುಮಧ್ಯದಲ್ಲಿ ನಿಲ್ಲುವಂತೆ ಮಾಡಿದರು. ಆಮೇಲಷ್ಟೇ ಹೊಸ ಅಂಚಿಗೆ ಗಮ್. ಇವತ್ತೇ ಸಿಗುತ್ತಾ ಎಂದು ಕೇಳಿದ್ದಕ್ಕೆ, "ಅರ್ಜೆಂಟ್ ಮಾಡ್ಬೇಡಿ ಸಾರ್. ಗಮ್ ಒಣಗೋಕೆ ಬಿಡ್ಬೇಕು. ಸೆಂಟರ್ ತಪ್ಪಿದ್ರೆ ಕಾಯಿಲ್ ಉಜ್ಜುತ್ತೆ, ಆಮೇಲೆ ನೀವು ನನ್ನನ್ನೇ ಬಯ್ತೀರ" ಎಂದರು. ಇಂಥ ಕೈಗಳು ಊರಿನಲ್ಲಿ ಕಡಿಮೆಯಾಗುತ್ತಿವೆ. ಅವರ ಕೂಲಿಗೆ ಚೌಕಾಸಿ ಮಾಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಪೆಟ್ಟಿಗೆಯೊಳಗೆ ಕ್ರಾಸ್‌ಓವರ್ ಎಂಬ ಚಿಕ್ಕ ಹಲಗೆ ಇರುತ್ತದೆ. ಮಂದ್ರವನ್ನು ವೂಫರಿಗೂ ತಾರವನ್ನು ಟ್ವೀಟರಿಗೂ ಹಂಚಿಕೊಡುವುದು ಅದರ ಕೆಲಸ. ಅದರ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಒಣಗಿ ಟ್ವೀಟರನ್ನು ಮಂಕು ಮಾಡುತ್ತವೆ. ಅವನ್ನು ಅದೇ ಅಳತೆಯ ಹೊಸದಕ್ಕೆ ಬದಲಾಯಿಸಿದರೆ ಸಾಕು. ಇನ್ನೂ ದುಬಾರಿಯದು ಹಾಕಿಸಿ ಎಂದು ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ, ಕೇಳಬೇಕಾಗಿಲ್ಲ. ವೈರಿನ ವಿಷಯದಲ್ಲೂ ಅಷ್ಟೆ. ನಾಲ್ಕಾರು ಮೀಟರ್ ದೂರಕ್ಕೆ ಎಲೆಕ್ಟ್ರಿಕಲ್ ಅಂಗಡಿಯ ದಪ್ಪ ತಾಮ್ರದ ವೈರೇ ಧಾರಾಳ.

ವೈರ್ ಸೇರಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಒಂದರ ಕೋನ್ ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗುತ್ತದೆ. ಮಂದ್ರ ನಾದ ಪರಸ್ಪರ ಹೊಡೆದುಹೋಗಿ ಹಾಡು ಬಡಕಲಾಗುತ್ತದೆ, ಹಾಡುವವರ ದನಿ ನಡುವೆ ನಿಲ್ಲದೆ ಕೋಣೆ ತುಂಬ ಚದುರುತ್ತದೆ. ಇದನ್ನು ಪರೀಕ್ಷಿಸಲು ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ಲನ್ನು ಸ್ಪೀಕರಿನ ವೈರಿಗೆ ಒಂದು ಕ್ಷಣ ತಾಗಿಸಿ. ಸೆಲ್ಲಿನ ಪ್ಲಸ್ ಕೆಂಪು ತುದಿಗೆ ತಾಗಿದಾಗ ಎರಡೂ ವೂಫರ್‌ಗಳು ಒಂದೇ ಕಡೆಗೆ ಅಲುಗಿದರೆ ಸರಿಯಿದೆ.

ಇಲ್ಲಿಂದ ಮುಂದೆ ಶುರುವಾಗುವುದು ನಿಜವಾದ ಸಂತೋಷ, ಜಾಗ ಹುಡುಕುವುದು. ಸ್ಪೀಕರ್ ಒಂದೇ ಹಾಡುವುದಿಲ್ಲ. ಗೋಡೆ, ನೆಲ, ಮೂಲೆ ಎಲ್ಲವೂ ಜೊತೆಗೆ ಹಾಡುತ್ತವೆ. ಅಮೆರಿಕದ ಅರ್ಕಾನ್ಸಾಸ್‌ನ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಷ್ 1946ರಲ್ಲಿ ಕಂಪನಿ ಕಟ್ಟಿ ಮಾಡಿದ ಕ್ಲಿಪ್ಷ್‌ಹಾರ್ನ್ ಸ್ಪೀಕರ್ ಮನೆಯ ಮೂಲೆಯಲ್ಲೇ ಕೂರಬೇಕು, ಏಕೆಂದರೆ ಎರಡೂ ಬದಿಯ ಗೋಡೆಗಳು ಅದರ ಕಹಳೆಯ ಮುಂದುವರಿದ ಭಾಗ. ಅದಕ್ಕೆ ಪೂರ್ತಿ ವಿರುದ್ಧ ಇಂಗ್ಲೆಂಡಿನ ಎಲ್‌ಎಸ್3/5ಎ. ಎಪ್ಪತ್ತರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಇಡಲು ರೂಪಿಸಿದ, ಒಂದಡಿ ಎತ್ತರದ ಪುಟ್ಟ ಸ್ಪೀಕರ್ ಅದು. ಮನುಷ್ಯನ ಮಾತನ್ನು ಅಷ್ಟು ಸಹಜವಾಗಿ ಕೇಳಿಸುವ ಪೆಟ್ಟಿಗೆ ಕಡಿಮೆ. ಅದನ್ನು ಮೂಲೆಗೆ ಒತ್ತಿದರೆ ಗುಮ್ಮೆನ್ನುತ್ತದೆ, ಗೋಡೆ ಬಿಟ್ಟು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರೆ ಬಾಯಿ ಬಿಡುತ್ತದೆ.

ನಮ್ಮದು ಕೆಂಪು ಗಾರೆ ನೆಲದ ಹಾಲ್. ಬರಿದಾಗಿದ್ದಾಗ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತಿತ್ತು. ಪೆಟ್ಟಿಗೆಗಳನ್ನು ಮೊದಲು ಗೋಡೆಗೆ ಒರಗಿಸಿ ಇಟ್ಟೆ. ಮೃದಂಗದ ಎಡಗಡೆ ಊದಿಕೊಂಡು ಎಲ್ಲ ಪೆಟ್ಟೂ ಒಂದೇ ಆಯಿತು. ಒಂದಡಿ ಮುಂದಕ್ಕೆ ಎಳೆದಾಗ ಪೆಟ್ಟುಗಳು ಬೇರೆ ಬೇರೆಯಾದವು. ಎರಡು ಅಡಿ ಎಳೆದಾಗ ಮಂದ್ರ ತೆಳುವಾಯಿತು, ಮತ್ತೆ ಅರ್ಧ ಅಡಿ ಹಿಂದಕ್ಕೆ. ಎರಡು ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ಕುರ್ಚಿ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರುವಂತೆ ಕೆಳಗೆ ಕಲ್ಲಿನ ಚಪ್ಪಡಿ. ಸ್ಪೀಕರಿಗೂ ಕುರ್ಚಿಗೂ ನಡುವಿನ ನೆಲಕ್ಕೆ ನವಲಗುಂದದ ಜಮಖಾನ ಹಾಸಿದ ಗಳಿಗೆಯಲ್ಲಿ ಪಿಟೀಲಿನ ಕರ್ಕಶ ಹೋಯಿತು. ಹಿಂದಿನ ಗೋಡೆಗಿದ್ದ ಪುಸ್ತಕದ ಕಪಾಟು ತನ್ನ ಪಾಲಿನ ಕೆಲಸವನ್ನು ಮೊದಲೇ ಮಾಡುತ್ತಿತ್ತು. ದುಡ್ಡು ಖರ್ಚಿಲ್ಲದೆ, ಬರೀ ಅಂಗುಲ ಅಂಗುಲ ಸರಿಸುತ್ತ, ಪ್ರತಿ ಸಲವೂ ಅದೇ ಹಾಡು ಕೇಳುತ್ತ ಕಳೆದ ಸಂಜೆಗಳು ಅವು. ಅಷ್ಟು ತುಂಬಿದ ಗಮನದಿಂದ ನಾನು ಸಂಗೀತವನ್ನು ಬೇರೆಲ್ಲೂ ಕೇಳಿಲ್ಲ.

ಎಲ್ಲ ಸರಿಹೋದ ಮೇಲೆ ಹಾಕಿದ್ದು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಮೀಟು ಎದ್ದು, ತಂತಿಯ ನಾದ ಇಳಿಯುತ್ತ ಹೋಗಿ, ಬೆರಳು ಮೆಟ್ಟಿಲ ಮೇಲೆ ಜಾರುವ ಸಣ್ಣ ಸದ್ದಿನವರೆಗೆ ಎಲ್ಲವೂ ಕೋಣೆಯಲ್ಲಿತ್ತು. ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತ ಜಮಖಾನದ ಅಂಚಿನಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಕೈ ನಿಲ್ಲಿಸಿ, "ತಂಬೂರಿಯವರು ಹಿಂದೆ ಕೂತಿದಾರಲ್ವೇನೋ?" ಎಂದು ಕೇಳಿದರು. ವೀಣೆ ಮುಂದೆ, ತಂಬೂರಿ ಹಿಂದೆ, ಮೃದಂಗ ಬಲಕ್ಕೆ. ಹೈ-ಫೈಯ ಪಾರಿಭಾಷಿಕ ಪದ ಒಂದೂ ಗೊತ್ತಿಲ್ಲದ ಅಮ್ಮ, ಆ ಕಲೆಯ ಅತಿ ದೊಡ್ಡ ಗುರಿಯನ್ನು ಕಿವಿಯಿಂದಲೇ ಗುರುತಿಸಿದ್ದರು.

ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎನ್ನುವವರಿಗೆ ಒಂದು ಮಾತು. ಮೊಬೈಲಿನ ಕಾಳಿನಷ್ಟು ಸ್ಪೀಕರ್ ಮಂದ್ರದ ಗಾಳಿಯನ್ನು ತಳ್ಳಲಾರದು. ಮೃದಂಗದವರು ಕಛೇರಿಗೆ ಮುಂಚೆ ಎಡಗಡೆಗೆ ರವೆಯ ಮುದ್ದೆ ಹಚ್ಚಿ, ಶ್ರುತಿ ನೋಡಿ, ಮತ್ತೆ ತಿದ್ದಿ ತಂದ ಆ ಗುಂಕಾರ ಅದರಲ್ಲಿ ಬರುವುದೇ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ದನಿ ಬರುತ್ತದೆ, ಅವರ ಎದೆ ಬರುವುದಿಲ್ಲ. ಹೆಡ್‌ಫೋನಿನಲ್ಲಿ ಮಂದ್ರವೂ ಬರುತ್ತದೆ, ಆದರೆ ಅದು ಒಬ್ಬರಿಗೆ ಮಾತ್ರ. ಮನೆಯಲ್ಲಿ ನಾಲ್ಕು ಜನ ಒಂದೇ ರಾಗವನ್ನು ಒಂದೇ ಹೊತ್ತಿನಲ್ಲಿ ಕೇಳಬೇಕೆಂದರೆ ಕೋಣೆಯ ಗಾಳಿ ಅಲುಗಬೇಕು.

ಹೆಸರಾಂತ ಹಳೆಯ ಮಾದರಿಗಳ ಬೆಲೆ ಈಗ ವಿಪರೀತ ಏರಿದೆ. ಕಿತ್ತಳೆ ಬಣ್ಣದ ಮುಖದ ಜೆಬಿಎಲ್ ಎಲ್100, ಪೀಟರ್ ವಾಕರ್ 1957ರಲ್ಲಿ ಹೊರತಂದ ಕ್ವಾಡ್‌ನ ಎಲೆಕ್ಟ್ರೋಸ್ಟ್ಯಾಟಿಕ್ ಇವೆಲ್ಲ ಸಂಗ್ರಹಕಾರರ ಪೈಪೋಟಿಯಲ್ಲಿ ಸಿಕ್ಕಿಕೊಂಡಿವೆ. ಕೈಗೆಟುಕಿದರೆ ಕೊಳ್ಳಿ, ಒಳ್ಳೆಯ ಸ್ಪೀಕರ್‌ಗಳೇ. ಆದರೆ ಹೆಸರಿಗಾಗಿ ಸಾಲ ಮಾಡುವುದಕ್ಕಿಂತ ರಬ್ಬರ್ ಅಂಚಿನ, ಗಟ್ಟಿ ಪೆಟ್ಟಿಗೆಯ, ಯಾರೂ ಕೇಳದ ಒಂದು ಜೋಡಿಯನ್ನು ತಂದು ಸರಿಯಾದ ಜಾಗದಲ್ಲಿ ನಿಲ್ಲಿಸುವುದೇ ಮೇಲು. ಕೊಳ್ಳುವ ಮೊದಲು ಮಾರುವವರ ಮನೆಯಲ್ಲೇ ನಿಮಗೆ ಬಾಯಿಪಾಠವಾದ ಒಂದು ಹಾಡನ್ನು ಪೂರ್ತಿ ಕೇಳಿ. ಎರಡೂ ಪೆಟ್ಟಿಗೆಗಳನ್ನು ಬೇರೆಬೇರೆಯಾಗಿ ಹಾಡಿಸಿ, ದನಿ ಒಂದೇ ಬಗೆಯಾಗಿದೆಯೇ ನೋಡಿ.

ಅಪ್ಪನದೋ ದೊಡ್ಡಪ್ಪನದೋ ಒಂದು ಜೋಡಿ ಸ್ಪೀಕರ್ ನಿಮ್ಮ ಮನೆಯ ಅಟ್ಟದಲ್ಲೂ ಇರಬಹುದು. ಮನೆ ಖಾಲಿ ಮಾಡುವಾಗ ಗುಜರಿಯವರಿಗೆ ಹಾಕಿಬಿಡಬೇಡಿ. ಕೆಳಗಿಳಿಸಿ, ಧೂಳು ಒರೆಸಿ, ಗೆದ್ದಲು ಹಿಡಿದಿಲ್ಲ ಎಂದು ನೋಡಿ, ಸೆಲ್ ತಾಗಿಸಿ ಪರೀಕ್ಷಿಸಿ. ಕೋನ್ ಅಲುಗಿದರೆ ರಿಪೇರಿಗೆ ಕೊಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಸಂಗೀತ ಕಲಿಯುತ್ತಿರುವ ಮಕ್ಕಳಿರುವ ಮನೆಗೆ ಕೊಟ್ಟುಬಿಡಿ. ಕೊಡುವಾಗ ಹಾಡಿಸಬೇಕು ಎಂಬ ಷರತ್ತು ಹಾಕಿ.